ಕುಮಾರಪರ್ವತ ಅಂದರೆ 530 ಮಹಡಿ: ಅಭ್ಯಾಸವಿಲ್ಲದವರು 16 ವಾರಗಳಲ್ಲಿ ತಯಾರಾಗುವ ಕ್ರಮ

"ಭಟ್ಟರ ಮನೆ ತನಕ ಹೋದ್ವಿ, ಆಮೇಲೆ ಕಾಲೇ ಏಳಲಿಲ್ಲ." ಭಟ್ಟರ ಮನೆ ಅಂದರೆ ಕುಕ್ಕೆ ಸುಬ್ರಹ್ಮಣ್ಯದಿಂದ ಕುಮಾರಪರ್ವತ ಹತ್ತುವ ದಾರಿಯ ನಡುವೆ ಸಿಗುವ ಮನೆ. ಪ್ರತಿ ಚಳಿಗಾಲದಲ್ಲಿ ಈ ಮಾತನ್ನು ನಾಲ್ಕೈದು ಜನರಿಂದಾದರೂ ಕೇಳುತ್ತೇನೆ. ಅವರಲ್ಲಿ ಸೋಮಾರಿಗಳು ಯಾರೂ ಇಲ್ಲ. ಎಲ್ಲರೂ ಒಂದು ತಿಂಗಳು ಮುಂಚೆ ಹುರುಪಿನಿಂದ ಓಡಲು ಶುರು ಮಾಡಿದವರೇ. ಎರಡನೇ ವಾರಕ್ಕೆ ಮಂಡಿ ನೋವು, ಮೂರನೇ ವಾರ ಆಫೀಸಿನ ಕೆಲಸ, ನಾಲ್ಕನೇ ವಾರ ಹೊಸ ಶೂ ಕೊಂಡು ನೇರ ಕುಕ್ಕೆ ಬಸ್ಸು. ನಾನೂ ಮೊದಲ ಸಲ ಹೀಗೇ ಹೋಗಿ, ಅದೇ ದಾರಿಯಲ್ಲಿ ಇನ್ನಷ್ಟು ಮೇಲಿರುವ ಕಲ್ಲು ಮಂಟಪದಿಂದ ವಾಪಸ್ ಬಂದಿದ್ದೇನೆ. ಇಳಿಯುವಾಗ ಒಂದೊಂದು ಹೆಜ್ಜೆಗೂ ಮಂಡಿ ಚುಚ್ಚುತ್ತಿತ್ತು.

ಬೆಟ್ಟ ದೊಡ್ಡದು. ಅದನ್ನು ಒಂದೇ ತುತ್ತಿಗೆ ನುಂಗಲು ಆಗುವುದಿಲ್ಲ. ಆದರೆ ಮನೆಯ ಮೆಟ್ಟಿಲಲ್ಲಿ ಚೂರುಚೂರಾಗಿ ಹತ್ತಿ ಮುಗಿಸಲು ಆಗುತ್ತದೆ. ಹೆಚ್ಚಿನವರು ಎಡವುವುದು ಆ ಚೂರುಗಳ ಕ್ರಮದಲ್ಲಿ. ಹಾಗಾಗಿ ಕ್ರಮವನ್ನೇ ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಬೇಕಾದ ಸಾಮಾನು

ಮೂರ್ನಾಲ್ಕು ಮಹಡಿಯ ಯಾವುದಾದರೂ ಕಟ್ಟಡದ ಮೆಟ್ಟಿಲು. ಗೋಡೆಗೆ ತೂಗುಹಾಕುವ ಕ್ಯಾಲೆಂಡರ್ ಮತ್ತು ಪೆನ್ನು. ಒಂದು ಲೀಟರಿನ ಆರು ಬಾಟಲಿ, ಒಂದು ಹಳೆಯ ಬ್ಯಾಗು. ಹಿಡಿತ ಚೆನ್ನಾಗಿರುವ ಶೂ. ಜಿಮ್ ಬೇಡ, ಸ್ಮಾರ್ಟ್ ವಾಚೂ ಬೇಡ. ಕ್ಯಾಲೆಂಡರ್ ಮಾತ್ರ ಕಣ್ಣಿಗೆ ಬೀಳುವ ಕಡೆಯೇ ಇರಲಿ. ಫೋನಿನೊಳಗೆ ಬರೆದಿಟ್ಟಿದ್ದು ಮರೆತುಹೋಗುತ್ತದೆ.

ಹಂತ 1: ಬೆಟ್ಟವನ್ನು ಎಣಿಸಲು ಬರುವಂತೆ ಒಡೆಯಿರಿ

ಹೋಗಿಬಂದವರು ದೂರ ಹೇಳುತ್ತಾರೆ. ಕುಕ್ಕೆಯಿಂದ ತುದಿಗೆ ಒಂದು ಕಡೆಗೆ ಸುಮಾರು 13 ಕಿ.ಮೀ. ಇದನ್ನು ಕೇಳಿದವರು ಪಾರ್ಕಿನಲ್ಲಿ 13 ಕಿ.ಮೀ. ನಡೆದು ತಯಾರಾದೆವು ಅಂದುಕೊಳ್ಳುತ್ತಾರೆ. ಮೊದಲ ತಪ್ಪು ಇದೇ. ಇಲ್ಲಿ ಸುಸ್ತು ಮಾಡುವುದು ದೂರಕ್ಕಿಂತ ಜಾಸ್ತಿ ಏರು.

ತುದಿಯ ಎತ್ತರ ಸಮುದ್ರ ಮಟ್ಟದಿಂದ 1,712 ಮೀಟರ್. ಕುಕ್ಕೆ ಇರುವುದು ಸುಮಾರು 120 ಮೀಟರಿನಲ್ಲಿ. ಅಂದರೆ ನಿಮ್ಮ ಕಾಲು ನಿಮ್ಮ ದೇಹವನ್ನು ಹತ್ತಿರ ಹತ್ತಿರ 1,600 ಮೀಟರ್ ಮೇಲಕ್ಕೆ ಎತ್ತಬೇಕು. ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ, 1,930 ಮೀಟರ್. ಆದರೆ ಅಲ್ಲಿ ತುದಿಯ ಹತ್ತಿರದವರೆಗೂ ವಾಹನ ಹೋಗುತ್ತದೆ. ಕುಮಾರಪರ್ವತ ಅದಕ್ಕಿಂತ ಗಿಡ್ಡವಾದರೂ ಹತ್ತುವವರಿಗೆ ಅದಕ್ಕಿಂತ ಎಷ್ಟೋ ದೊಡ್ಡದು.

ಈಗ ಭಾಗ ಮಾಡಿ. ಒಂದು ಮಹಡಿ ಎಂದರೆ 3 ಮೀಟರ್. 1,600 ಮೀಟರ್ ಎಂದರೆ ಸುಮಾರು 530 ಮಹಡಿ. ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲಿನ ಏರು 250 ಮೀಟರ್ ಆಸುಪಾಸು, ಅಂದರೆ ಸುಮಾರು 83 ಮಹಡಿ. ಕುಮಾರಪರ್ವತ ಎಂದರೆ ಆರು ಚಾಮುಂಡಿ ಬೆಟ್ಟಕ್ಕಿಂತ ಸ್ವಲ್ಪ ಜಾಸ್ತಿ.

"ಫಿಟ್ ಆಗಬೇಕು" ಅನ್ನುವುದನ್ನು ಎಣಿಸಲು ಬರುವುದಿಲ್ಲ. "ಇವತ್ತು 15 ಮಹಡಿ" ಅನ್ನುವುದನ್ನು ಎಣಿಸಬಹುದು. ಮುಗಿಯಿತಾ ಇಲ್ಲವಾ ಅನ್ನುವುದರಲ್ಲಿ ಅನುಮಾನವೇ ಉಳಿಯುವುದಿಲ್ಲ. ಒಂದು ಚೂರಿಗೆ ಇರಬೇಕಾದ ಮುಖ್ಯ ಗುಣ ಅದು.

ಹಂತ 2: ಇವತ್ತು ನೀವು ಎಲ್ಲಿದ್ದೀರಿ, ಅಳೆಯಿರಿ

ಒಂದು ದಿನ ಬೆಳಿಗ್ಗೆ ನಿಧಾನವಾಗಿ ಮೆಟ್ಟಿಲು ಹತ್ತಿ ಇಳಿಯಿರಿ. ಪಕ್ಕದಲ್ಲಿರುವವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗುತ್ತಿರುವಷ್ಟು ಹೊತ್ತು ಮುಂದುವರಿಸಿ. ವಾಕ್ಯ ತುಂಡಾಗಿ ಉಸಿರು ನುಗ್ಗಿದ ಕಡೆ ನಿಲ್ಲಿಸಿ. ಅಲ್ಲಿಯವರೆಗೆ ಎಷ್ಟು ಮಹಡಿ ಆಯಿತು? ಅದನ್ನು ಕ್ಯಾಲೆಂಡರಿನಲ್ಲಿ ಬರೆಯಿರಿ. ಆರು ಬಂದರೆ ಆರು ಎಂದೇ ಬರೆಯಿರಿ. ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಬಿಪಿ, ಸಕ್ಕರೆ, ಹೃದಯದ ತೊಂದರೆ, ಹಳೆಯ ಮಂಡಿ ಪೆಟ್ಟು ಇದ್ದವರು ಈ ಅಳತೆಗೂ ಮುಂಚೆ ಡಾಕ್ಟರ ಹತ್ತಿರ ಮಾತಾಡಬೇಕು. 40 ದಾಟಿ ವರ್ಷಗಳಿಂದ ವ್ಯಾಯಾಮ ಬಿಟ್ಟವರಿಗೂ ಇದೇ ಮಾತು. ಮೆಟ್ಟಿಲು ಹತ್ತುವಾಗ ಎದೆ ಹಿಡಿದುಕೊಂಡಂತಾದರೆ, ನೋವು ದವಡೆಗೋ ಎಡಗೈಗೋ ಹರಡಿದರೆ, ತಲೆ ಸುತ್ತಿ ಕಣ್ಣು ಕತ್ತಲಿಟ್ಟರೆ ಅಲ್ಲೇ ನಿಲ್ಲಿಸಿ. ತಕ್ಷಣ ಆಸ್ಪತ್ರೆಗೆ ಹೋಗಿ. ಬೆಟ್ಟ ಎಲ್ಲಿಗೂ ಹೋಗುವುದಿಲ್ಲ.

ಹಂತ 3: ತಾರೀಕು ಹಾಕಿ, ಕೊನೆಯಿಂದ ಹಿಂದಕ್ಕೆ ಎಣಿಸಿ

ಮಳೆಗಾಲದಲ್ಲಿ ಈ ಚಾರಣ ಮುಚ್ಚಿರುತ್ತದೆ. ಸಾಮಾನ್ಯವಾಗಿ ಅಕ್ಟೋಬರ್ ಸುಮಾರಿಗೆ ತೆರೆಯುತ್ತದೆ. ನವೆಂಬರ್ ಮೊದಲ ಅಥವಾ ಎರಡನೇ ವಾರವನ್ನು ಗುರಿ ಮಾಡಿ. ಅಲ್ಲಿಂದ 16 ವಾರ ಹಿಂದಕ್ಕೆ ಎಣಿಸಿದರೆ ಜುಲೈ ಮಧ್ಯ ಬರುತ್ತದೆ. ಹೊರಗೆ ಜಡಿಮಳೆ ಇದ್ದರೂ ತೊಂದರೆಯಿಲ್ಲ, ಮೆಟ್ಟಿಲು ಸೂರಿನ ಕೆಳಗೇ ಇರುತ್ತದೆ.

ಕೊನೆಯಿಂದ ಎಣಿಸುವುದು ಯಾಕೆ ಅಂದರೆ, ಮೊದಲಿನಿಂದ ಎಣಿಸಿದವರು ಕೊನೆಯ ವಾರಗಳಲ್ಲಿ ಎಲ್ಲವನ್ನೂ ತುರುಕುತ್ತಾರೆ. ಕ್ಯಾಲೆಂಡರಿನಲ್ಲಿ ಮೊದಲು ಬರೆಯಬೇಕಾದ್ದು ಕೊನೆಯ ವಾರದ ವಿಶ್ರಾಂತಿ. ಆಮೇಲೆ ದೀಪಾವಳಿ, ಮದುವೆ, ಮಕ್ಕಳ ಪರೀಕ್ಷೆ, ಆಫೀಸಿನ ಪ್ರವಾಸ. ಅವುಗಳ ನಡುವೆ ಉಳಿದ ಜಾಗದಲ್ಲಿ ಅಭ್ಯಾಸ. ಗೌರಿ ಗಣೇಶ ಹಬ್ಬದ ವಾರ ಮನೆತುಂಬ ನೆಂಟರಿದ್ದಾಗ 50 ಮಹಡಿ ಹತ್ತುತ್ತೇನೆ ಅಂತ ಬರೆದುಕೊಂಡರೆ ಅದು ಆಗುವುದಿಲ್ಲ. ಹಗುರ ವಾರವನ್ನು ಬೇಕೆಂದೇ ಹಬ್ಬದ ಮೇಲೆ ತಂದು ಕೂರಿಸಿ.

ಹಂತ 4: ಮೊದಲ ಎರಡು ವಾರ, ನಗು ಬರುವಷ್ಟು ಚಿಕ್ಕದು

ವಾರಕ್ಕೆ ಮೂರು ದಿನ ಮೆಟ್ಟಿಲು, ಒಂದು ಸಲಕ್ಕೆ ಜಾಸ್ತಿ ಅಂದರೆ 10 ಮಹಡಿ. ಹಂತ 2ರಲ್ಲಿ ನಿಮಗೆ ಆರೇ ಬಂದಿದ್ದರೆ ಐದು ಹತ್ತಿ, ಕೂತು ಸುಧಾರಿಸಿಕೊಂಡು ಮತ್ತೆ ಐದು. ಇನ್ನೆರಡು ದಿನ 30 ನಿಮಿಷ ಸಮತಟ್ಟಿನ ನಡಿಗೆ. ಉಳಿದ ಎರಡು ದಿನ ಏನೂ ಇಲ್ಲ.

"ಇಷ್ಟೇನಾ?" ಅಂತ ಎಲ್ಲರೂ ಕೇಳುತ್ತಾರೆ. ಇಷ್ಟೇ. ಉಸಿರು ಬೇಗ ಪಳಗುತ್ತದೆ. ಸ್ನಾಯು ಅದಕ್ಕಿಂತ ನಿಧಾನ. ಮಂಡಿಯ, ಹಿಮ್ಮಡಿಯ ಸ್ನಾಯುರಜ್ಜುಗಳು ಎಲ್ಲಕ್ಕಿಂತ ನಿಧಾನ. ಮೂರನೇ ವಾರಕ್ಕೆ ಉಸಿರು "ಇನ್ನೂ ಮಾಡು" ಅನ್ನುತ್ತದೆ, ಮಂಡಿ ಇನ್ನೂ ಸಿದ್ಧವಾಗಿರುವುದಿಲ್ಲ. ಹುರುಪಿನಲ್ಲಿ ಶುರು ಮಾಡಿದವರ ಕಾಲು ಹೋಗುವುದು ಈ ಅಂತರದಲ್ಲೇ.

ಈ ಎರಡು ವಾರಗಳ ನಿಜವಾದ ಕೆಲಸ ಹೊತ್ತು ಗಟ್ಟಿ ಮಾಡಿಕೊಳ್ಳುವುದು. ದಿನಾ ಮಾಡುವ ಯಾವುದಾದರೂ ಕೆಲಸಕ್ಕೆ ಇದನ್ನು ಕಟ್ಟಿಹಾಕಿ. ಹಾಲು ತರಲು ಕೆಳಗೆ ಹೋದಾಗ, ಮಗುವನ್ನು ಸ್ಕೂಲ್ ಬಸ್ಸು ಹತ್ತಿಸಿ ಬಂದ ಮೇಲೆ, ಸಂಜೆ ಕಾಫಿಗೆ ಮುಂಚೆ. "ಟೈಮ್ ಸಿಕ್ಕಾಗ" ಅಂದುಕೊಂಡವರಿಗೆ ಟೈಮ್ ಸಿಕ್ಕಿದ್ದನ್ನು ನಾನು ಕಂಡಿಲ್ಲ.

ಹಂತ 5: ಏಣಿ

ಕೆಳಗಿನ ಸಂಖ್ಯೆ ಆ ವಾರದ ಅತಿ ದೊಡ್ಡ ದಿನದ್ದು, ಹೆಚ್ಚಿನವರಿಗೆ ಭಾನುವಾರದ್ದು. ಉಳಿದ ಎರಡು ಮೆಟ್ಟಿಲು ದಿನಗಳಲ್ಲಿ ಅದರ ಅರ್ಧ ಸಾಕು. ಹತ್ತಿದ್ದನ್ನು ಮಾತ್ರ ಎಣಿಸಿ. ಇಳಿಯುವುದು ಜೊತೆಗೇ ಬರುತ್ತದೆ.

- ವಾರ 1, 2: 10 ಮಹಡಿ
- ವಾರ 3: 15
- ವಾರ 4: 10 (ಹಗುರ)
- ವಾರ 5: 20
- ವಾರ 6: 30
- ವಾರ 7: 40
- ವಾರ 8: 25 (ಹಗುರ)
- ವಾರ 9: 50
- ವಾರ 10: 65
- ವಾರ 11: 85, ಅಂದರೆ ಚಾಮುಂಡಿ ಬೆಟ್ಟ ಒಂದು ಸಲ
- ವಾರ 12: 50 (ಹಗುರ)
- ವಾರ 13: 110, ಅಂದರೆ ಚಾಮುಂಡಿ ತುದಿ, ಅಲ್ಲಿಂದ ಮೆಟ್ಟಿಲ ದಾರಿಯ ನಂದಿ ವಿಗ್ರಹದವರೆಗೆ ಇಳಿದು ಮತ್ತೆ ತುದಿ
- ವಾರ 14: 160, ಚಾಮುಂಡಿ ಬೆಟ್ಟ ಎರಡು ಸಲ
- ವಾರ 15: 60
- ವಾರ 16: ಮೊದಲ ಮೂರು ದಿನ 20, ಆಮೇಲೆ ಸುಮ್ನೆ ಇರುವುದು

530 ಎಲ್ಲಿ, 160 ಎಲ್ಲಿ ಅಂತ ಅನ್ನಿಸಬಹುದು. ಬೆಟ್ಟದಲ್ಲಿ ನಿಮಗೆ ಇಡೀ ದಿನ ಇರುತ್ತದೆ. ನಡುವೆ ಕೂರುತ್ತೀರಿ, ತಿನ್ನುತ್ತೀರಿ. ಎರಡು ಗಂಟೆಗಳಲ್ಲಿ 160 ಮಾಡಿದ ಕಾಲು ಏಳು ಗಂಟೆಗಳಲ್ಲಿ 530 ಎಳೆಯುತ್ತದೆ. ಮನೆಯಲ್ಲೇ 530 ಮಾಡಿ ನೋಡಲು ಹೋದವರು ಪೆಟ್ಟು ಮಾಡಿಕೊಂಡು ಬೆಟ್ಟಕ್ಕೇ ಹೋಗಲಾಗದೆ ಉಳಿದಿದ್ದಾರೆ.

ಚಾಮುಂಡಿ ದೂರವಾದವರು ಹತ್ತಿರದ ಬೆಟ್ಟ ಹುಡುಕಿಕೊಳ್ಳಿ. ಬೆಂಗಳೂರಿನವರಿಗೆ ಶಿವಗಂಗೆ, ತುಮಕೂರಿನವರಿಗೆ ಮಧುಗಿರಿ, ಗಂಗಾವತಿ ಕಡೆಯವರಿಗೆ 575 ಮೆಟ್ಟಿಲಿನ ಅಂಜನಾದ್ರಿ. ಶ್ರವಣಬೆಳಗೊಳದ ವಿಂಧ್ಯಗಿರಿಯ ಮೆಟ್ಟಿಲೂ ಒಳ್ಳೆಯದೇ. ಆದರೆ ಅಲ್ಲಿ ಪಾದರಕ್ಷೆ ಕೆಳಗೇ ಬಿಡಬೇಕು, ಶೂ ಪರೀಕ್ಷೆಗೆ ಆಗುವುದಿಲ್ಲ. ಬಯಲುಸೀಮೆಯಲ್ಲಿ ಬೆಟ್ಟವೇ ಇಲ್ಲದವರು ಕಟ್ಟಡದ ಮೆಟ್ಟಿಲಲ್ಲೇ ಮುಗಿಸಬಹುದು. ಬೇಸರವಾಗುತ್ತದೆ, ಆದರೆ ಕೆಲಸ ಆಗುತ್ತದೆ.

ಒಂದು ವಾರ ತಪ್ಪಿದರೆ

ಇದನ್ನು ಬಿಡಿಸಿ ಹೇಳಬೇಕು, ಯಾಕೆಂದರೆ ಯೋಜನೆ ಮುರಿಯುವುದು ಇಲ್ಲೇ. ಜ್ವರ ಬರುತ್ತದೆ. ಊರಿಂದ ಫೋನ್ ಬರುತ್ತದೆ. ಒಂದು ವಾರ ಹೋಗುತ್ತದೆ. ಆಗ ಜನ ಎರಡರಲ್ಲಿ ಒಂದು ಮಾಡುತ್ತಾರೆ. ಮುಂದಿನ ವಾರ ಎರಡೂ ವಾರದ್ದು ಸೇರಿಸಿ ಮಾಡುತ್ತಾರೆ, ಇಲ್ಲವೇ ಪೂರ್ತಿ ಬಿಟ್ಟುಬಿಡುತ್ತಾರೆ. ಎರಡೂ ಬೇಡ.

ಒಂದು ದಿನ ತಪ್ಪಿದರೆ ಅದನ್ನು ಬಿಟ್ಟು ಮುಂದೆ ಹೋಗಿ. ಒಂದು ವಾರ ತಪ್ಪಿದರೆ ಕೊನೆಯದಾಗಿ ಮುಗಿಸಿದ ವಾರವನ್ನೇ ಮತ್ತೊಮ್ಮೆ ಮಾಡಿ. ಎರಡು ವಾರ ತಪ್ಪಿದರೆ ಏಣಿಯಲ್ಲಿ ಎರಡು ವಾರ ಕೆಳಗಿಳಿದು ಶುರು ಮಾಡಿ. ಮೂರು ವಾರ ತಪ್ಪಿದರೆ ತಾರೀಕು ಡಿಸೆಂಬರಿಗೆ ತಳ್ಳಿ. ಸಾಲ ತೀರಿಸುವಂತೆ ಮಹಡಿ ತೀರಿಸಲು ಹೋಗಬೇಡಿ. ದೇಹ ಆ ಲೆಕ್ಕ ಇಟ್ಟುಕೊಳ್ಳುವುದಿಲ್ಲ.

ಹಂತ 6: ಇಳಿಯುವುದನ್ನು ಬೇರೆಯಾಗಿ ಕಲಿಯಿರಿ

ಇಡೀ ಬರಹದಲ್ಲಿ ಒಂದೇ ಭಾಗ ಓದುವುದಾದರೆ ಇದನ್ನು ಓದಿ. ಕುಮಾರಪರ್ವತದಲ್ಲಿ ಹತ್ತುವಾಗ ಸೋತವರಿಗಿಂತ ಇಳಿಯುವಾಗ ನರಳಿದವರನ್ನೇ ನಾನು ಜಾಸ್ತಿ ನೋಡಿದ್ದೇನೆ. ಹತ್ತುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಕೆಲಸ ಮಾಡುತ್ತದೆ. ಇಳಿಯುವಾಗ ಅದೇ ಸ್ನಾಯು ಹಿಗ್ಗುತ್ತಾ ಬ್ರೇಕ್ ಹಿಡಿಯುತ್ತದೆ. ನೋವು ಜಾಸ್ತಿ ಕೊಡುವುದು ಈ ಎರಡನೆಯದು. ಮಾರನೆಯ ದಿನ ಮೆಟ್ಟಿಲು ಇಳಿಯಲು ಪಕ್ಕದ ಕಂಬಿ ಹಿಡಿಯಬೇಕಾಗುತ್ತದಲ್ವಾ, ಅದು ಇದರಿಂದಲೇ.

ಇಲ್ಲಿ ಎಲ್ಲರೂ ಮಾಡುವ ತಪ್ಪು: ಹತ್ತು ಮಹಡಿ ಹತ್ತಿ ಲಿಫ್ಟಿನಲ್ಲಿ ಇಳಿಯುವುದು. ಹಾಗೆ ಮಾಡಿದರೆ ಅರ್ಧ ಬೆಟ್ಟಕ್ಕೆ ಮಾತ್ರ ತಯಾರಾಗುತ್ತೀರಿ. ಮೊದಲ ದಿನದಿಂದಲೇ ಕಾಲಲ್ಲೇ ಇಳಿಯಿರಿ.

ಇಳಿಯುವ ರೀತಿ ಹೀಗೆ. ಹೆಜ್ಜೆ ಗಿಡ್ಡ ಇರಲಿ. ಮಂಡಿ ಪೂರ್ತಿ ನೆಟ್ಟಗೆ ಮಾಡಬೇಡಿ, ಸ್ವಲ್ಪ ಬಾಗಿಯೇ ಇರಲಿ. ಧಡ್ ಧಡ್ ಅಂತ ಸದ್ದು ಬಂದರೆ ಭಾರವೆಲ್ಲ ಕೀಲಿನ ಮೇಲೆ ಬೀಳುತ್ತಿದೆ ಎಂದರ್ಥ. ಸದ್ದಿಲ್ಲದೆ ಇಳಿಯುವುದೇ ಗುರಿ. ಎತ್ತರದ ಕಲ್ಲು ಬಂದರೆ ಅಡ್ಡ ತಿರುಗಿ ಒಂದೊಂದೇ ಕಾಲು ಇಡಿ. ಬೇರು, ಕಲ್ಲು ಇರುವ ಕಾಡಿನ ದಾರಿಯಲ್ಲಿ ಕೋಲು ತುಂಬಾ ಸಹಾಯ ಮಾಡುತ್ತದೆ. ಅದನ್ನು ಮನೆಯಿಂದಲೇ ತನ್ನಿ, ಅಲ್ಲಿಯ ಗಿಡ ಮುರಿಯಬೇಡಿ. ಅದು ಪುಷ್ಪಗಿರಿ ವನ್ಯಜೀವಿಧಾಮ.

ಆರನೇ ವಾರದಿಂದ ಒಂದು ಸೇರ್ಪಡೆ: ಕೆಳಗಿನ ಮೆಟ್ಟಿಲಿನ ಮೇಲೆ ಒಂಟಿ ಕಾಲಲ್ಲಿ ನಿಂತು ಇನ್ನೊಂದು ಕಾಲನ್ನು ಮೂರು ಎಣಿಸುತ್ತಾ ನೆಲಕ್ಕೆ ಇಳಿಸಿ. ಒಂದೊಂದು ಕಾಲಿಗೆ ಎಂಟು ಸಲ, ವಾರಕ್ಕೆ ಎರಡು ದಿನ. ಗೋಡೆ ಹಿಡಿದುಕೊಳ್ಳಬಹುದು.

ಹಂತ 7: ಭಾರ ಮತ್ತು ಶೂ

ಒಂದು ವಾರದಲ್ಲಿ ಒಂದನ್ನು ಮಾತ್ರ ಹೆಚ್ಚಿಸಿ. ಮಹಡಿ ಹೆಚ್ಚಿಸಿದ ವಾರ ಭಾರ ಹೆಚ್ಚಿಸಬಾರದು. ಅದಕ್ಕೇ ಭಾರವನ್ನು ಹಗುರ ವಾರಗಳಲ್ಲಿ ಸೇರಿಸುತ್ತೇವೆ. ಎಂಟನೇ ವಾರ ಬ್ಯಾಗಿನಲ್ಲಿ ಎರಡು ಬಾಟಲಿ ನೀರು, ಅಂದರೆ 2 ಕಿಲೋ. ಹನ್ನೆರಡನೇ ವಾರ 4 ಕಿಲೋ. ಹದಿನೈದನೇ ವಾರ ನಿಜವಾಗಿ ಒಯ್ಯುವ ಬ್ಯಾಗನ್ನೇ ತುಂಬಿ ನೋಡಿ. 6 ಕಿಲೋ ದಾಟಿದರೆ ಸಾಮಾನು ತೆಗೆಯಿರಿ. ನೀರಿನ ಬಾಟಲಿಯ ಅನುಕೂಲ ಏನೆಂದರೆ, ಮಂಡಿ ಮಾತಾಡತೊಡಗಿದರೆ ಮೇಲೇ ನೀರು ಚೆಲ್ಲಿ ಹಗುರಾಗಿ ಇಳಿಯಬಹುದು. ಯಾವುದಾದರೂ ಗಿಡಕ್ಕೆ ಹಾಕಿ.

ಶೂ ಅರ್ಧ ಸೈಜು ದೊಡ್ಡದಿರಲಿ. ಸಂಜೆ ಹೊತ್ತು ಹೋಗಿ ಕೊಳ್ಳಿ, ಆಗ ಪಾದ ಸ್ವಲ್ಪ ಊದಿರುತ್ತದೆ. ಇಳಿಯುವಾಗ ಬೆರಳು ಮುಂದಕ್ಕೆ ತಾಗಿದರೆ ಉಗುರು ಕಪ್ಪಾಗುತ್ತದೆ. ಹೊರಡುವ ಎರಡು ದಿನ ಮುಂಚೆ ಉಗುರು ಕತ್ತರಿಸಿ. ಹತ್ತನೇ ವಾರದ ಒಳಗೆ ಶೂ ಮನೆಗೆ ಬಂದಿರಬೇಕು. ಹೊಸ ಶೂ ಹಾಕಿಕೊಂಡು ಕುಕ್ಕೆಗೆ ಹೋಗುವುದು ಪಾದದ ಗುಳ್ಳೆಗಳಿಗೆ ಆಹ್ವಾನ.

ಹಂತ 8: ಕಾಗದದ ಕೆಲಸವನ್ನೂ ಚೂರು ಮಾಡಿ

ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ಬುಕ್ ಮಾಡಬೇಕು. 2024ರ ಜನವರಿಯಲ್ಲಿ ಸಾವಿರಾರು ಜನ ಒಟ್ಟಿಗೆ ನುಗ್ಗಿದ ಮೇಲೆ ಸರ್ಕಾರ ನಿಯಮ ಬಿಗಿ ಮಾಡಿತು. ದಿನಕ್ಕೆ ಇಷ್ಟೇ ಜನ ಎಂಬ ಮಿತಿ ಇರುತ್ತದೆ. ಒಳಗೆ ಬಿಡುವ ಸಮಯ, ತಂಗುವ ನಿಯಮ, ಶುಲ್ಕ ಇವು ಬದಲಾಗುತ್ತಿರುತ್ತವೆ. ಹಳೆಯ ವಿಡಿಯೋ ನೋಡಿ ಹೊರಡಬೇಡಿ, ಆ ವರ್ಷದ ನಿಯಮವನ್ನು ಅದೇ ತಾಣದಲ್ಲಿ ಓದಿ.

ಹನ್ನೆರಡನೇ ವಾರ ಬುಕಿಂಗ್ ಯಾವಾಗ ತೆರೆಯುತ್ತದೆ ನೋಡಿ. ಹದಿಮೂರನೇ ವಾರ ಬಸ್ಸು ಅಥವಾ ರೈಲು. ರೈಲಿನವರು ನೆಟ್ಟಣದ ಸುಬ್ರಹ್ಮಣ್ಯ ರೋಡ್ ನಿಲ್ದಾಣದಲ್ಲಿ ಇಳಿದು ಸುಮಾರು 12 ಕಿ.ಮೀ. ಹೋಗಬೇಕು. ಹದಿನಾಲ್ಕನೇ ವಾರ ರೂಮು. ರಾತ್ರಿ ಬಸ್ಸಿನಲ್ಲಿ ಕೂತು ಬಂದು, ನಿದ್ದೆಯಿಲ್ಲದೆ ನೇರ ಹತ್ತಲು ಹೋಗಬೇಡಿ. ಹದಿನಾರು ವಾರದ ಕೆಲಸವನ್ನು ಒಂದು ರಾತ್ರಿ ಹಾಳುಮಾಡುತ್ತದೆ.

ಹಂತ 9: ಅವತ್ತಿನ ದಿನವನ್ನು ಐದು ತುಂಡು ಮಾಡಿ

1. ಕುಕ್ಕೆಯಿಂದ ಭಟ್ಟರ ಮನೆ. ದಟ್ಟ ಕಾಡು, ನೆರಳು, ಬೇರು, ಕಲ್ಲು. ಏರಿನ ಒಂದು ದೊಡ್ಡ ಪಾಲು ಇಲ್ಲೇ ಮುಗಿಯುತ್ತದೆ. ಜನ ಓಡುವುದೂ ಇಲ್ಲೇ. ಮಾತಾಡುತ್ತಾ ಹತ್ತಲು ಆಗುವ ವೇಗ ಮೀರಬೇಡಿ. ಮಳೆ ನಿಂತ ಹೊಸತರಲ್ಲಿ ಇಂಬಳ ಇರುತ್ತವೆ. ಪ್ಯಾಂಟನ್ನು ಕಾಲುಚೀಲದ ಒಳಗೆ ತುರುಕಿ, ಹತ್ತಿದರೆ ಉಗುರಿನಿಂದ ಬದಿಗೆ ಸರಿಸಿ.

2. ಭಟ್ಟರ ಮನೆಯಿಂದ ಕಲ್ಲು ಮಂಟಪ. ನಡುವೆ ಅರಣ್ಯ ಇಲಾಖೆಯ ತಪಾಸಣೆ. ಆಮೇಲೆ ಬಟ್ಟಬಯಲು ಹುಲ್ಲುಗಾವಲು, ನೆರಳೇ ಇಲ್ಲ. ಬಿಸಿಲು ಏರುವ ಮುಂಚೆ ಇದನ್ನು ದಾಟಬೇಕು. ಟೋಪಿ ಹಾಕಿ.

3. ಕಲ್ಲು ಮಂಟಪದಿಂದ ಶೇಷಪರ್ವತ. ಕಡಿದಾದ ಏರು. ಕಣ್ಣು ತುದಿಯ ಮೇಲೆ ಬೇಡ. ಐವತ್ತು ಹೆಜ್ಜೆ, ನಿಂತು ಹತ್ತು ಉಸಿರು, ಮತ್ತೆ ಐವತ್ತು.

4. ಶೇಷಪರ್ವತದಿಂದ ತುದಿ. ಮೊದಲು ಇಳಿಜಾರು, ಸಣ್ಣ ಕಾಡು, ಕೊನೆಗೆ ಬಂಡೆಯ ಏರು. ಬಂಡೆ ಒದ್ದೆ ಇದ್ದರೆ ಹತ್ತಬೇಡಿ.

5. ವಾಪಸ್. ಇದೂ ಒಂದು ತುಂಡು, ಎಲ್ಲಕ್ಕಿಂತ ಉದ್ದದ್ದು. ಇದಕ್ಕೆ ನಾಲ್ಕೈದು ಗಂಟೆ ಬೇಕು.

ಮೂರು ಲೀಟರ್ ನೀರು ಇರಲಿ. ಮೇಲೆ ಸಿಗುವ ಒರತೆ ನಂಬಬೇಡಿ, ಬೇಸಿಗೆ ಹತ್ತಿರವಾದಂತೆ ಒಣಗುತ್ತದೆ. ಒಂದೆರಡು ಓಆರ್‌ಎಸ್ ಪೊಟ್ಟಣ ಇಟ್ಟುಕೊಳ್ಳಿ. ಹಸಿವಾಗುವವರೆಗೆ ಕಾಯದೆ ಮುಕ್ಕಾಲು ಗಂಟೆಗೊಮ್ಮೆ ಕಡಲೆ ಚಿಕ್ಕಿ, ಬಾಳೆಹಣ್ಣು, ಚಪಾತಿ ಸುರುಳಿ, ಏನಾದರೂ ಸ್ವಲ್ಪ ತಿನ್ನಿ.

ತಿರುಗುವ ಸಮಯವನ್ನು ಬೆಳಿಗ್ಗೆಯೇ ಅಂಗೈ ಮೇಲೆ ಬರೆದುಕೊಳ್ಳಿ. ಒಂದೇ ದಿನದಲ್ಲಿ ಮುಗಿಸುವವರಿಗೆ ಮಧ್ಯಾಹ್ನ 12:30. ಇಲಾಖೆ ಅದಕ್ಕಿಂತ ಮುಂಚಿನ ಸಮಯ ಹೇಳಿದರೆ ಅದೇ. ತುದಿ ಕಣ್ಣೆದುರಿಗೆ ಇದ್ದರೂ ಆ ಹೊತ್ತಿಗೆ ತಿರುಗಬೇಕು. ನವೆಂಬರಿನಲ್ಲಿ ಸಂಜೆ ಐದಕ್ಕೇ ಕಾಡಿನೊಳಗೆ ಕತ್ತಲು ಕವಿಯತೊಡಗುತ್ತದೆ. ಟಾರ್ಚ್ ಅಂತೂ ಬ್ಯಾಗಿನಲ್ಲಿ ಇರಲೇಬೇಕು.

ಎಚ್ಚರಿಕೆಯ ಗುರುತುಗಳು

ಅಭ್ಯಾಸದ ದಿನಗಳಲ್ಲಿ: ತೊಡೆ, ಮೀನಖಂಡ ಎರಡೂ ಕಡೆ ಸಮನಾಗಿ ನೋಯುತ್ತಿದ್ದರೆ ಅದು ಮಾಮೂಲು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಒಂದೇ ಮಂಡಿಯಲ್ಲಿ ಚುಚ್ಚುವ ನೋವು, ಊತ, ಮೊಣಕಾಲ ಕೆಳಗಿನ ಎಲುಬಿನ ಮೇಲೆ ಬೆರಳಿಟ್ಟು ತೋರಿಸಬಹುದಾದ ಒಂದೇ ಜಾಗದ ನೋವು ಇವು ಮಾಮೂಲಲ್ಲ. ಮೆಟ್ಟಿಲು ನಿಲ್ಲಿಸಿ, ವಾರದಲ್ಲಿ ಹೋಗದಿದ್ದರೆ ಡಾಕ್ಟರಿಗೆ ತೋರಿಸಿ. ರಾತ್ರಿ ನಿದ್ದೆ ಕೆಟ್ಟು, ಬೆಳಿಗ್ಗೆ ಎದ್ದಾಗಲೇ ಕಾಲು ಭಾರವಾಗಿದ್ದರೆ ಆ ವಾರವನ್ನು ಹಗುರ ವಾರ ಮಾಡಿಕೊಳ್ಳಿ.

ಬೆಟ್ಟದಲ್ಲಿ: ತಲೆನೋವು, ವಾಕರಿಕೆ, ಬಿಸಿಲಲ್ಲೂ ಮೈ ನವಿರೇಳುವುದು, ಗಂಟೆಗಟ್ಟಲೆ ಮೂತ್ರ ಬಾರದಿರುವುದು. ಇವು ಬಿಸಿಲಿನ ಏಟಿನ ಮೊದಲ ಗುರುತು. ನೆರಳಿಗೆ ಕರೆತಂದು ಕೂರಿಸಿ, ಓಆರ್‌ಎಸ್ ಕುಡಿಸಿ, ಸುಧಾರಿಸಿದ ಮೇಲೆ ಇಳಿಸಿ. ಮಾತು ತೊದಲಿದರೆ, ಗೊಂದಲಪಟ್ಟರೆ ಅದು ತುರ್ತು. ಮೈಗೆ ನೀರು ಹಾಕಿ ತಂಪು ಮಾಡುತ್ತಲೇ ಅರಣ್ಯ ಸಿಬ್ಬಂದಿಗೆ ಸುದ್ದಿ ಮುಟ್ಟಿಸಿ. ಜೊತೆಗಿದ್ದವರಲ್ಲಿ ಒಬ್ಬರಿಗೆ ಹೀಗಾದರೂ ಅವರನ್ನು ಒಂಟಿಯಾಗಿ ಬಿಟ್ಟು ಮೇಲೆ ಹೋಗಬೇಡಿ.

ಹದಿನಾಲ್ಕನೇ ವಾರದ ಎರಡು ಚಾಮುಂಡಿ ಆಗಲೇ ಇಲ್ಲ ಅಂದರೆ ಸೋಮವಾರಪೇಟೆ ಕಡೆಯ ಬೀದಳ್ಳಿ ದಾರಿ ನೋಡಿ. ದೂರ ಹತ್ತಿರ ಹತ್ತಿರ ಅರ್ಧ, ಏರೂ ಕಡಿಮೆ. ಹೋಗಿ ತಲುಪುವುದು ಅದೇ ತುದಿಗೆ.

ಹಂತ 10: ಕೆಳಗೆ ಬಂದ ಮೇಲೆ

ತಕ್ಷಣ ಬಸ್ಸಿನಲ್ಲಿ ಆರು ಗಂಟೆ ಕಾಲು ಮಡಚಿ ಕೂರಬೇಡಿ. ಸಾಧ್ಯವಾದರೆ ಒಂದು ರಾತ್ರಿ ಉಳಿಯಿರಿ. ಹೊಟ್ಟೆ ತುಂಬ ಅನ್ನ ಸಾರು, ಮಜ್ಜಿಗೆ. ಮಾರನೆಯ ದಿನ ಇಪ್ಪತ್ತು ನಿಮಿಷ ನಿಧಾನ ನಡಿಗೆ. ನೋವು ಎರಡನೇ ದಿನ ಜಾಸ್ತಿಯಾಗುತ್ತದೆ, ಹೆದರಬೇಡಿ.

ಕ್ಯಾಲೆಂಡರ್ ಹರಿದು ಬಿಸಾಡುವ ಮುಂಚೆ ಅದರ ಹಿಂಬದಿಯಲ್ಲಿ ಐದು ತುಂಡುಗಳಿಗೂ ಎಷ್ಟೆಷ್ಟು ಹೊತ್ತು ಹಿಡಿಯಿತು, ಎಲ್ಲಿ ಕಾಲು ಸೋತಿತು, ಎಷ್ಟು ನೀರು ಉಳಿಯಿತು ಬರೆದಿಡಿ. ಮುಂದಿನ ಜುಲೈನಲ್ಲಿ ನಿಮ್ಮ ಮನೆಯವರೋ ಸ್ನೇಹಿತರೋ "ನಾನೂ ಬರ್ತೀನಿ" ಅಂದಾಗ ಅವರಿಗೆ ಕೊಡಲು ಬೇಕಾಗುತ್ತದೆ.